ಹಳೇ ದಾರಂದದ ಮೇಲೆ ಪಟ್ಟೆ ಬೆಳಕು: ಪ್ರೊಜೆಕ್ಟರ್ ಮತ್ತು ಕ್ಯಾಮೆರಾದಿಂದ ತ್ರೀಡಿ ಸ್ಕ್ಯಾನ್ ಮಾಡುವ ಬಗೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮಾವನ ಮನೆ. ಹಂಚಿನ ಮಾಡು, ಮುರಕಲ್ಲಿನ ಗೋಡೆ. ನಡುಕೋಣೆಯ ಬಾಗಿಲು ಎಷ್ಟು ಗಿಡ್ಡ ಎಂದರೆ ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಅದರ ದಾರಂದದ ಮೇಲಿನ ಪಟ್ಟಿಯಲ್ಲಿ ಎರಡಡಿ ಉದ್ದದ ಕೆತ್ತನೆ. ಬಳ್ಳಿ, ಎರಡು ಗಿಳಿ, ನಡುವೆ ತಾವರೆ. ಕಳೆದ ಮಳೆಗಾಲ ಮುಗಿಯುವಾಗ ಎಡಗಡೆಯ ಗಿಳಿಯ ಬಾಲಕ್ಕೆ ಒರಲೆ ಹಿಡಿದಿತ್ತು. ಘಟ್ಟದ ಮೇಲಿನವರು ಗೆದ್ದಲು ಅನ್ನುತ್ತಾರಲ್ಲ, ಅದೇ. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು.

ಆಚಾರಿಯಿಂದ ಮತ್ತೆ ಕೆತ್ತಿಸೋಣ ಅಂದರೆ ಫೋಟೋ ಸಾಲದು. ಎಲ್ಲಿ ಎಷ್ಟು ಆಳ ಅಂತ ಫೋಟೋ ಹೇಳುವುದಿಲ್ಲ. ಹಾಗಾಗಿ ಪ್ರೊಜೆಕ್ಟರ್ ಹೊತ್ತುಕೊಂಡು ಹೋದೆ. ಎರಡು ರಾತ್ರಿ ಪೂರ್ತಿ ದಂಡ. ಮೂರನೇ ರಾತ್ರಿ ಗಿಳಿ ಕಂಪ್ಯೂಟರಿಗೆ ಬಂತು. ಎರಡೂ ಸಲ ಕೈಕೊಟ್ಟದ್ದು ಸಾಫ್ಟ್‌ವೇರ್ ಅಲ್ಲ. ಸ್ಟ್ಯಾಂಡು, ಹುಳ, ಮತ್ತು ನನ್ನ ಅವಸರ. ಅದಕ್ಕೇ ಇಲ್ಲಿ ಲೆಕ್ಕಕ್ಕಿಂತ ಜೋಡಣೆಯ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮೊದಲು, ಇದು ನಡೆಯುವುದು ಹೇಗೆ

ಸಂಜೆ ಬಿಸಿಲಿಗೆ ಕಿಟಕಿಯ ಸರಳಿನ ನೆರಳು ಜಗಲಿಯ ನೆಲದಲ್ಲಿ ನೆಟ್ಟಗೆ ಬೀಳುತ್ತದೆ. ಅಲ್ಲೇ ಅಡಕೆ ರಾಶಿ ಹಾಕಿದ್ದರೆ ಅದೇ ನೆರಳು ರಾಶಿಯ ಮೇಲೆ ಡೊಂಕಾಗುತ್ತದೆ. ರಾಶಿ ಎತ್ತರವಿದ್ದಷ್ಟೂ ಡೊಂಕು ಜಾಸ್ತಿ. ಬಿಸಿಲು ಬರುವ ದಿಕ್ಕಿನಲ್ಲೇ ಕಣ್ಣಿಟ್ಟು ನೋಡಿದರೆ ಮಾತ್ರ ಡೊಂಕು ಕಾಣುವುದೇ ಇಲ್ಲ, ನೆರಳು ನೆಟ್ಟಗೇ ಇರುತ್ತದೆ. ಪಕ್ಕಕ್ಕೆ ಸರಿದು ನೋಡಿದವರಿಗಷ್ಟೇ ಎತ್ತರ ತಿಳಿಯುತ್ತದೆ.

ಇಡೀ ವಿದ್ಯೆ ಇಷ್ಟೇ. ಬಿಸಿಲಿನ ಜಾಗದಲ್ಲಿ ಪ್ರೊಜೆಕ್ಟರ್, ಕಣ್ಣಿನ ಜಾಗದಲ್ಲಿ ಕ್ಯಾಮೆರಾ. ಪ್ರೊಜೆಕ್ಟರಿನ ಯಾವ ಕಾಲಮ್ಮಿನಿಂದ (ಮೇಲಿಂದ ಕೆಳಕ್ಕೆ ನಿಂತ ಪಿಕ್ಸೆಲ್ ಸಾಲಿನಿಂದ) ಹೊರಟ ಬೆಳಕು ಕ್ಯಾಮೆರಾದ ಯಾವ ಪಿಕ್ಸೆಲಿಗೆ ಬಂತು ಅಂತ ಗೊತ್ತಾದರೆ ಉಳಿದದ್ದು ತ್ರಿಕೋನದ ಲೆಕ್ಕ. ಒಂದು ಕಾಲಮ್ಮಿನ ಬೆಳಕು ಗಾಳಿಯಲ್ಲಿ ನಿಂತ ತೆಳು ಹಲಗೆಯ ಹಾಗೆ. ಕ್ಯಾಮೆರಾದ ಪಿಕ್ಸೆಲ್ ಒಂದು ನೂಲಿನ ಹಾಗೆ. ನೂಲು ಹಲಗೆಯನ್ನು ಚುಚ್ಚುವ ಜಾಗವೇ ನಮಗೆ ಬೇಕಾದ ಚುಕ್ಕಿ.

ಫೋನಿನಲ್ಲಿ ನೂರು ಫೋಟೋ ತೆಗೆದು ತ್ರೀಡಿ ಮಾಡುವ ಫೋಟೋಗ್ರಾಮೆಟ್ರಿ ಇದೆಯಲ್ಲ, ಅದು ಸಾಲದೇ ಅಂತ ಕೇಳಬಹುದು. ಬೇಕಲ ಕೋಟೆಯ ಮುರಕಲ್ಲಿನ ಗೋಡೆಗೆ ಅದೇ ಸರಿ. ಹೊರಗಿನ ಬಿಸಿಲಲ್ಲಿ ಪ್ರೊಜೆಕ್ಟರ್ ಬೆಳಕು ಕಾಣುವುದೂ ಇಲ್ಲ. ಆದರೆ ಹೊಗೆ ಹಿಡಿದು ಒಂದೇ ಬಣ್ಣವಾದ ಮರದಲ್ಲಿ ಆ ಸಾಫ್ಟ್‌ವೇರಿಗೆ ಗುರುತು ಹಿಡಿಯಲು ಏನೂ ಸಿಗುವುದಿಲ್ಲ. ಪಟ್ಟೆ ಬೆಳಕು ತನ್ನ ಗುರುತನ್ನು ತಾನೇ ಹಾಕುತ್ತದೆ. 2010ರಲ್ಲಿ ಬಂದ ಮೈಕ್ರೋಸಾಫ್ಟಿನ ಕೈನೆಕ್ಟ್ ಕೂಡ ಇದೇ ಜಾತಿ. ಅದು ಪಟ್ಟೆಯ ಬದಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು ಚೆಲ್ಲುತ್ತಿತ್ತು.

ಸಾಮಾನು ಹೊಂದಿಸುವುದು

ಪ್ರೊಜೆಕ್ಟರ್ ಯಾವುದಾದರೂ ಆದೀತು, ಆದರೆ ಡಬ್ಬದ ಮೇಲಿನ ಬರಹವನ್ನು ನಂಬಬೇಡಿ. "ಫುಲ್ ಎಚ್‌ಡಿ ಸಪೋರ್ಟ್" ಅಂತ ಬರೆದ ಅಗ್ಗದ ಪ್ರೊಜೆಕ್ಟರಿನ ಒಳಗೆ ನಿಜವಾಗಿ 800 × 480 ಮಾತ್ರ ಇರಬಹುದು. ಪರೀಕ್ಷೆ ಸುಲಭ. ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಇರುವ ಪಟ್ಟೆ ಬಿಟ್ಟು ಗೋಡೆಯ ಹತ್ತಿರ ಹೋಗಿ ನೋಡಿ. ಗೆರೆ ಬಿಡಿಬಿಡಿಯಾಗಿ ಕಂಡರೆ ಸರಿ. ಬೂದಿ ಬಣ್ಣದ ರಾಡಿ ಕಂಡರೆ ನೀವು ಕೊಟ್ಟ ರೆಸಲ್ಯೂಶನ್ ಅದರ ಸ್ವಂತದ್ದಲ್ಲ. ಸ್ವಂತದ್ದು ಯಾವುದೋ ಅದನ್ನೇ ಕಂಪ್ಯೂಟರಿನಲ್ಲೂ ಇಡಬೇಕು.

ಕೀಸ್ಟೋನ್ ಸರಿಪಡಿಸುವ ಸೆಟ್ಟಿಂಗ್ ಪೂರ್ತಿ ಆಫ್ ಆಗಿರಲಿ. ಚಿತ್ರ ಗೋಡೆಯ ಮೇಲೆ ಓರೆಯಾಗಿ ಬಿದ್ದರೆ ಬೀಳಲಿ. ಅದನ್ನು ನೆಟ್ಟಗೆ ಮಾಡಲು ಹೋದರೆ ಪ್ರೊಜೆಕ್ಟರ್ ಪಿಕ್ಸೆಲ್‌ಗಳನ್ನು ಕಲಸಿಬಿಡುತ್ತದೆ. ಹಾಗೇ, ಹಾಕಿದ ಕೂಡಲೇ ಕೆಲಸ ಶುರು ಮಾಡಬೇಡಿ. ಅರ್ಧ ಗಂಟೆ ಉರಿಯಲಿ. ಬಿಸಿಯೇರುವಾಗ ಫೋಕಸ್ ಸ್ವಲ್ಪ ಸರಿಯುತ್ತದೆ.

ಕ್ಯಾಮೆರಾ ಡಿಎಸ್‌ಎಲ್‌ಆರ್ ಆದರೆ ಒಳ್ಳೆಯದು, ವೆಬ್‌ಕ್ಯಾಮ್ ಕೂಡ ನಡೆಯುತ್ತದೆ. ಫೋನ್ ಬೇಡ ಅನ್ನುತ್ತೇನೆ. ಅದರ ಫೋಕಸ್ ತನ್ನಷ್ಟಕ್ಕೇ ಆಚೀಚೆ ಹೋಗುತ್ತದೆ, ಕೈ ನಡುಕ ತಡೆಯುವ ಲೆನ್ಸ್ ಇದ್ದರೆ ಅದೂ ಒಳಗೇ ಅಲುಗುತ್ತದೆ. ಇಲ್ಲಿ ಎಲ್ಲವೂ ಮ್ಯಾನ್ಯುಯಲ್ ಆಗಿರಬೇಕು: ಫೋಕಸ್, ಎಕ್ಸ್‌ಪೋಶರ್, ಐಎಸ್‌ಒ, ವೈಟ್ ಬ್ಯಾಲೆನ್ಸ್. ಫೋಕಸ್ ರಿಂಗಿಗೆ ಟೇಪ್ ಅಂಟಿಸಿ.

ಶಟರ್ ವೇಗಕ್ಕೊಂದು ಗುಟ್ಟಿದೆ. ಡಿಎಲ್‌ಪಿ ಜಾತಿಯ, ಅಂದರೆ ಸಣ್ಣ ಸಣ್ಣ ಕನ್ನಡಿಗಳಿಂದ ಚಿತ್ರ ಮಾಡುವ, ಹಲವು ಪ್ರೊಜೆಕ್ಟರ್‌ಗಳು ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ಬಿಡುತ್ತವೆ. ಕಣ್ಣಿಗೆ ಬಿಳಿ ಕಂಡರೂ ವೇಗದ ಶಟರಿಗೆ ಬಣ್ಣದ ಅಡ್ಡಪಟ್ಟಿ ಸಿಗುತ್ತದೆ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪ್ರೊಜೆಕ್ಟರಿಗೆ 1/30 ಅಥವಾ 1/15 ಸೆಕೆಂಡ್ ಇಡಿ. ನಾನು 1/15 ಇಟ್ಟಿದ್ದೆ.

ಇನ್ನು ಸ್ಟ್ಯಾಂಡ್. ಮೊದಲ ರಾತ್ರಿ ಎರಡು ಬೇರೆ ಬೇರೆ ಟ್ರೈಪಾಡ್‌ಗಳನ್ನು ಮರದ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅತ್ತೆ ಚಾ ತಂದು ಬೆಂಚಿನ ತುದಿಗೆ ಇಟ್ಟರು, ಅಷ್ಟೇ. ಕ್ಯಾಮೆರಾ, ಪ್ರೊಜೆಕ್ಟರ್ ಎಲ್ಲೆಲ್ಲಿವೆ ಅಂತ ಮೊದಲೇ ಅಳೆದಿಟ್ಟ ಲೆಕ್ಕ, ಅಂದರೆ ಕ್ಯಾಲಿಬ್ರೇಶನ್, ಮಣ್ಣುಪಾಲು. ಅದೂ ನನಗೆ ಗೊತ್ತಾದದ್ದು ಮರುದಿನ ಬೆಳಗ್ಗೆ, ಗಿಳಿ ಬಾಳೆಲೆಯ ಹಾಗೆ ಸುರುಳಿಯಾಗಿ ಬಂದಾಗ. ಆಮೇಲೆ ಕಿಟಕಿ ಮಾಡುವ ಅಂಗಡಿಯಿಂದ ಎರಡೂವರೆ ಅಡಿಯ ಅಲ್ಯುಮಿನಿಯಂ ಸೆಕ್ಷನ್ ತಂದು, ಕ್ಯಾಮೆರಾ ಮತ್ತು ಪ್ರೊಜೆಕ್ಟರ್ ಎರಡನ್ನೂ ಅದಕ್ಕೇ ಬೋಲ್ಟ್ ಹಾಕಿ ಬಿಗಿದೆ. ಈಗ ಇಡೀ ಸೆಕ್ಷನ್ ಎತ್ತಿ ಬೇರೆ ಕಡೆ ಇಟ್ಟರೂ ಅವೆರಡರ ನಡುವಿನ ಸಂಬಂಧ ಬದಲಾಗುವುದಿಲ್ಲ. ಅಟ್ಟದಲ್ಲಿ ಕೆಲಸ ಮಾಡುವವರು ನೆನಪಿಡಿ: ಹಲಗೆಯ ನೆಲದಲ್ಲಿ ಯಾರಾದರೂ ನಡೆದರೂ ಅಲುಗುತ್ತದೆ.

ದೂರ ಎಷ್ಟು, ಕೋನ ಎಷ್ಟು

ಮಾಮೂಲಿ ಪ್ರೊಜೆಕ್ಟರ್‌ಗಳಲ್ಲಿ ಹಲವು ಒಂದು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಒಂದು ಮೀಟರೇ ಇಟ್ಟುಕೊಳ್ಳೋಣ. ನನ್ನದರಲ್ಲಿ ಆ ದೂರಕ್ಕೆ ಚಿತ್ರದ ಅಗಲ ಸುಮಾರು 67 ಸೆಂಟಿಮೀಟರ್. ಅಗಲಕ್ಕೆ 1024 ಪಿಕ್ಸೆಲ್ ಇರುವುದರಿಂದ ಒಂದೊಂದು ಕಾಲಮ್ 0.65 ಮಿಲಿಮೀಟರ್. ಕ್ಯಾಮೆರಾವನ್ನು ಪ್ರೊಜೆಕ್ಟರಿನಿಂದ 40 ಸೆಂಟಿಮೀಟರ್ ಪಕ್ಕಕ್ಕೆ ಇಟ್ಟರೆ ಎರಡರ ನಡುವೆ ಸುಮಾರು 22 ಡಿಗ್ರಿ ಕೋನ. ಆಗ ಒಂದು ಕಾಲಮ್ಮಿನ ವ್ಯತ್ಯಾಸ ಎಂದರೆ ಆಳದಲ್ಲಿ 0.65 ಭಾಗಿಸು 0.4, ಅಂದರೆ ಸುಮಾರು 1.6 ಮಿಲಿಮೀಟರ್.

ಈ ಲೆಕ್ಕವನ್ನು ನಿಮ್ಮ ಸಾಮಾನಿಗೆ ಒಮ್ಮೆ ಹಾಕಿ ನೋಡಿ. ಕ್ಯಾಮೆರಾವನ್ನು ಬರೀ 10 ಸೆಂಟಿಮೀಟರ್ ದೂರ ಇಟ್ಟರೆ ಅದೇ 6.5 ಮಿಲಿಮೀಟರ್ ಆಗುತ್ತದೆ. ಗಿಳಿಯ ಕಣ್ಣು ಅಷ್ಟರಲ್ಲೇ ಮಾಯ. ಹಾಗಂತ ಒಂದು ಮೀಟರ್ ಪಕ್ಕಕ್ಕೆ ಇಟ್ಟರೆ ಕೆತ್ತನೆಯ ಗುಂಡಿಗಳು ಒಂದೋ ಪ್ರೊಜೆಕ್ಟರಿಗೆ, ಇಲ್ಲವೇ ಕ್ಯಾಮೆರಾಕ್ಕೆ ಮರೆಯಾಗುತ್ತವೆ. ಎರಡಕ್ಕೂ ಕಾಣುವ ಜಾಗ ಮಾತ್ರ ಸ್ಕ್ಯಾನ್ ಆಗುವುದು. ಆಳದ ಕೆತ್ತನೆಗೆ 20 ಡಿಗ್ರಿಯ ಆಸುಪಾಸು, ತೆಳು ಉಬ್ಬಿಗೆ 30ರವರೆಗೆ, ಇದು ನನ್ನ ಕೈಗೆ ಕೂತ ಅಳತೆ.

ಕ್ಯಾಮೆರಾ, ಪ್ರೊಜೆಕ್ಟರ್ ಅಕ್ಕಪಕ್ಕ ಇದ್ದರೆ ನೆಟ್ಟಗೆ ನಿಂತ ಪಟ್ಟೆ ಬೇಕು. ಒಂದರ ಮೇಲೊಂದು ಇದ್ದರೆ ಮಲಗಿದ ಪಟ್ಟೆ.

ಕತ್ತಲೆ ಮಾಡಿಕೊಳ್ಳುವುದು

ಹಂಚಿನ ಮನೆಯಲ್ಲಿ ಗಾಜಿನ ಹಂಚು ಇರುತ್ತದಲ್ಲ, ಅದರಿಂದ ಬೀಳುವ ಬಿಸಿಲಿನ ಚೌಕ ನಿಮಗೆ ತಿಳಿಯದ ಹಾಗೆ ಸರಿಯುತ್ತಾ ಇರುತ್ತದೆ. ಗೋಣಿ ಮುಚ್ಚಿ, ಇಲ್ಲವೇ ರಾತ್ರಿ ಏಳೂವರೆ ಮೇಲೆ ಕೂತುಕೊಳ್ಳಿ. ಟ್ಯೂಬ್‌ಲೈಟ್ ಆರಿಸಿ.

ರಾತ್ರಿ ಅಂದರೆ ಹುಳ. ಎರಡನೇ ರಾತ್ರಿ ಒಂದು ಮಳೆ ಬಂದು ಬಿಟ್ಟಿತ್ತು. ಪ್ರೊಜೆಕ್ಟರ್ ಹಾಕಿದ್ದೇ ತಡ, ಊರಿನ ಮಳೆಹಾತೆ ಎಲ್ಲ ಲೆನ್ಸಿನ ಮುಂದೆ. ಒಂದೊಂದು ಚಿತ್ರದಲ್ಲೂ ಒಂದೊಂದು ಕಡೆ ಅವುಗಳ ನೆರಳು. "ಎಂತ ಮಾರಾಯ, ಹಾತೆಗೆ ಸಿನಿಮಾ ತೋರಿಸುತ್ತಿದ್ದೀಯಾ?" ಅಂತ ಮಾವ ನಕ್ಕರು. ಸಾಲದ್ದಕ್ಕೆ ನಡುವೆ ಲ್ಯಾಪ್‌ಟಾಪಿನ ಮೂಲೆಯಲ್ಲಿ ಮೆಸೇಜ್ ಬಂದ ಚೌಕ ಎದ್ದು ಪಟ್ಟೆಯ ಮೇಲೇ ಕೂತಿತು. ಅಂದಿನದೂ ಹೋಯಿತು. ಈಗ ಜಗಲಿಯಲ್ಲಿ ಒಂದು ದೊಡ್ಡ ಬಲ್ಬ್ ಉರಿಸಿಟ್ಟು, ಬಾಗಿಲು ಹಾಕಿ, ನೆಟ್ ಆಫ್ ಮಾಡಿ ಕೂರುತ್ತೇನೆ. ಹಾತೆ ಹೊರಗಿನ ಬಲ್ಬಿಗೆ ಹೋಗುತ್ತವೆ. ಮಳೆಗಾಲದಲ್ಲಿ ಲೆನ್ಸಿಗೆ ಹಬೆ ಕೂರುವುದೂ ಉಂಟು, ಶುರು ಮಾಡುವ ಮೊದಲು ಟಾರ್ಚ್ ಹಾಕಿ ನೋಡಿ.

ಕ್ಯಾಲಿಬ್ರೇಶನ್: ಇಲ್ಲಿ ಅವಸರ ಬೇಡ

ಕ್ಯಾಮೆರಾ ಲೆನ್ಸ್ ಎಷ್ಟು ಡೊಂಕು, ಪ್ರೊಜೆಕ್ಟರ್ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ, ಇದೆಲ್ಲ ಕಂಪ್ಯೂಟರಿಗೆ ಗೊತ್ತಾಗಬೇಕು. ಅದಕ್ಕೆ ಚೆಸ್‌ಬೋರ್ಡ್ ಚಿತ್ರ ಬೇಕು. ಸಮತಟ್ಟಾದ ಚೌಕಗಳನ್ನು ಬೇರೆ ಬೇರೆ ಓರೆಯಲ್ಲಿ ತೋರಿಸಿ ಕ್ಯಾಮೆರಾವನ್ನು ಅಳೆಯುವ ಈ ವಿಧಾನ ಝೆಂಗ್ಯೂ ಝಾಂಗ್ ಅವರದು, 2000ದಲ್ಲಿ ಪ್ರಕಟವಾದದ್ದು. ಪ್ರೊಜೆಕ್ಟರಿಗೆ ಕಣ್ಣಿಲ್ಲವಲ್ಲ, ಅದನ್ನು ಅಳೆಯುವುದು ಹೇಗೆ? ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಡೇನಿಯಲ್ ಮೊರೆನೊ, ಗೇಬ್ರಿಯಲ್ ಟೌಬಿನ್ 2012ರಲ್ಲಿ ಒಂದು ಸುಲಭದ ದಾರಿ ಕೊಟ್ಟರು. ಚೆಸ್‌ಬೋರ್ಡಿನ ಮೇಲೂ ಪಟ್ಟೆಗಳನ್ನೆಲ್ಲ ಬಿಡುವುದು. ಚೌಕದ ಪ್ರತಿ ಮೂಲೆಯ ಸುತ್ತಮುತ್ತ ಪ್ರೊಜೆಕ್ಟರಿನ ಯಾವ ಪಿಕ್ಸೆಲ್‌ಗಳು ಬಿದ್ದಿವೆ ಅಂತ ಓದಿ, ಅದರಿಂದ ಮೂಲೆಯ ಜಾಗ ಲೆಕ್ಕ ಹಾಕುವುದು. ಆಗ ಪ್ರೊಜೆಕ್ಟರ್ ಕೂಡ ಬೋರ್ಡನ್ನು "ನೋಡಿದ" ಹಾಗಾಯಿತು. ಅದನ್ನು ಎರಡನೇ ಕ್ಯಾಮೆರಾ ಅಂತಲೇ ತಿಳಿದು ಲೆಕ್ಕ ಮಾಡಬಹುದು.

ಬೋರ್ಡ್ ಮಾಡುವಾಗ ಎರಡು ಎಚ್ಚರ. ರಟ್ಟಿಗೆ ಅಂಟಿಸಬೇಡಿ, ನಮ್ಮ ಕರಾವಳಿಯ ಹವೆಗೆ ರಟ್ಟು ಎರಡೇ ದಿನದಲ್ಲಿ ಬಾಗುತ್ತದೆ. ಗಾಜಿಗೆ ಅಥವಾ ಬೋರ್ಡ್ ಬರೆಯುವ ಅಂಗಡಿಯಲ್ಲಿ ಸಿಗುವ ಎಸಿಪಿ (ಅಲ್ಯುಮಿನಿಯಂ ಹೊದಿಸಿದ) ಶೀಟಿಗೆ ಅಂಟಿಸಿ. ಎರಡನೆಯದು, ಪ್ರಿಂಟ್ ಆದ ಚೌಕವನ್ನು ಅಳೆಯಿರಿ. ನಾನು 25 ಮಿಲಿಮೀಟರ್ ಚೌಕದ ಫೈಲ್ ಕೊಟ್ಟಿದ್ದೆ. ಅಂಗಡಿಯ ಹುಡುಗ ಕಾಗದಕ್ಕೆ ಹೊಂದುವ ಹಾಗೆ ಸ್ವಲ್ಪ ಕುಗ್ಗಿಸಿ ಪ್ರಿಂಟ್ ಕೊಟ್ಟ. ಚೌಕ 24 ಆಗಿತ್ತು. ನಾನು ಪ್ರೋಗ್ರಾಮಿಗೆ 25 ಅಂತಲೇ ಹೇಳಿದೆ. 60 ಸೆಂಟಿಮೀಟರಿನ ಕೆತ್ತನೆ 62.5 ಆಗಿ ಬಂತು. ಉದ್ದ ಅಗಲ ಎರಡೂ ಸಮನಾಗಿ ಕುಗ್ಗಿದ್ದರಿಂದ ಆಮೇಲೆ 24/25ರಿಂದ ಗುಣಿಸಿ ಸರಿ ಮಾಡಿದೆ. ಒಂದೇ ಕಡೆ ಕುಗ್ಗಿದ್ದರೆ ಮೊದಲಿಂದ ಶುರು.

ಬೋರ್ಡನ್ನು ಕೈಯಲ್ಲಿ ಹಿಡಿಯಬೇಡಿ, ಕುರ್ಚಿಗೆ ಒರಗಿಸಿ. ಹತ್ತು ಹನ್ನೆರಡು ಬೇರೆ ಬೇರೆ ಓರೆ, ಬೇರೆ ಬೇರೆ ದೂರ, ಚಿತ್ರದ ಮೂಲೆಗಳಲ್ಲೂ ಒಂದೆರಡು. ಕೊನೆಗೆ ಪ್ರೋಗ್ರಾಮ್ ರೀಪ್ರೊಜೆಕ್ಷನ್ ಎರರ್ ಅಂತ ಒಂದು ಸಂಖ್ಯೆ ಕೊಡುತ್ತದೆ, ಲೆಕ್ಕ ಹೇಳಿದ ಜಾಗಕ್ಕೂ ಚಿತ್ರದಲ್ಲಿ ಮೂಲೆ ಕಂಡ ಜಾಗಕ್ಕೂ ಇರುವ ವ್ಯತ್ಯಾಸ ಅದು. ಅರ್ಧ ಪಿಕ್ಸೆಲಿಗಿಂತ ಕಡಿಮೆ ಇದ್ದರೆ ಮುಂದೆ ಹೋಗಿ. ಒಂದಕ್ಕಿಂತ ಜಾಸ್ತಿ ಇದ್ದರೆ ಸುಮ್ನೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಪಟ್ಟೆ ಬಿಡುವುದು

1024 ಕಾಲಮ್ ಇದೆ. ಒಂದೊಂದೇ ಗೆರೆ ಬಿಟ್ಟು ಫೋಟೋ ತೆಗೆದರೆ 1024 ಫೋಟೋ. ಅಷ್ಟು ಬೇಡ. ಪ್ರತಿ ಕಾಲಮ್ಮಿಗೂ ಕಪ್ಪು ಬಿಳುಪಿನಲ್ಲಿ ಹತ್ತು ಅಂಕೆಯ ಹೆಸರು ಕೊಟ್ಟರೆ ಸಾಕು, ಏಕೆಂದರೆ 2ನ್ನು ಹತ್ತು ಸಲ ಗುಣಿಸಿದರೆ 1024. ಮೊದಲ ಚಿತ್ರದಲ್ಲಿ ಅರ್ಧ ಕಪ್ಪು ಅರ್ಧ ಬಿಳಿ, ಆಮೇಲಾಮೇಲೆ ಪಟ್ಟೆ ಸಣ್ಣದಾಗುತ್ತಾ ಹೋಗುತ್ತದೆ. ಹತ್ತು ಚಿತ್ರಗಳಲ್ಲಿ ಒಂದು ಪಿಕ್ಸೆಲ್ ಕಂಡ ಕಪ್ಪು ಬಿಳಿಯ ಸಾಲೇ ಆ ಕಾಲಮ್ಮಿನ ಹೆಸರು.

ಮಾಮೂಲಿ ಬೈನರಿ ಅಂಕೆ ಬಳಸಿದರೆ ಒಂದು ತೊಂದರೆ. 7 ಅಂದರೆ 0111, 8 ಅಂದರೆ 1000. ಪಕ್ಕಪಕ್ಕದ ಕಾಲಮ್, ಆದರೆ ನಾಲ್ಕೂ ಅಂಕೆ ಬದಲು. ಗೆರೆಯ ಅಂಚಿನಲ್ಲಿ ಕೂತ ಪಿಕ್ಸೆಲ್ ಒಂದು ಅಂಕೆ ತಪ್ಪು ಓದಿದರೂ ಎಲ್ಲಿಗೋ ಹಾರುತ್ತದೆ. ಬೆಲ್ ಲ್ಯಾಬ್ಸಿನ ಫ್ರಾಂಕ್ ಗ್ರೇ ಅವರ ಹೆಸರಿನ ಗ್ರೇ ಕೋಡ್‌ನಲ್ಲಿ 7 ಎಂದರೆ 0100, 8 ಎಂದರೆ 1100. ಒಂದೇ ಅಂಕೆ ಬದಲಾಗುತ್ತದೆ. ಅಂಚಿನಲ್ಲಿ ತಪ್ಪಿದರೂ ಪಕ್ಕದ ಮನೆಗೆ ಹೋಗುತ್ತದೆಯೇ ಹೊರತು ಪಕ್ಕದ ಊರಿಗಲ್ಲ. ಇನ್ನೊಂದು ಲಾಭವೂ ಇದೆ: ಗ್ರೇ ಕೋಡಿನ ತೀರಾ ಸಣ್ಣ ಪಟ್ಟೆಯೂ ಎರಡು ಪಿಕ್ಸೆಲ್ ಅಗಲ ಇರುತ್ತದೆ. ಮಸುಕು ಪ್ರೊಜೆಕ್ಟರಿಗೆ ಇದು ದೊಡ್ಡ ಸಹಾಯ.

ಪ್ರತಿ ಚಿತ್ರದ ಜೊತೆ ಅದರ ತಿರುವುಮುರುವೂ ಬೇಕು, ಕಪ್ಪಿದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕಪ್ಪು. ಮರದ ಬಣ್ಣ ಗಾಢವೋ ತಿಳಿಯೋ ಎಂಬ ತಲೆಬಿಸಿ ಆಗ ಇಲ್ಲ. ಎರಡರಲ್ಲಿ ಯಾವುದರಲ್ಲಿ ಪಿಕ್ಸೆಲ್ ಹೆಚ್ಚು ಬೆಳಗಿತು ಅಂತ ನೋಡಿದರಾಯಿತು. 1024 × 768ಕ್ಕೆ ಕಾಲಮ್ಮಿಗೆ 20, ಅಡ್ಡಸಾಲಿಗೆ 20, ಜೊತೆಗೆ ಪೂರ್ತಿ ಬಿಳಿ ಒಂದು, ಪೂರ್ತಿ ಕಪ್ಪು ಒಂದು, ಒಟ್ಟು 42. ಕ್ಯಾಲಿಬ್ರೇಶನ್ನಿಗೆ ಅಷ್ಟೂ ಬೇಕು. ಸ್ಕ್ಯಾನಿಗೆ ಕಾಲಮ್ಮಿನ 20, ಜೊತೆಗೆ ಆ ಬಿಳಿ, ಕಪ್ಪು, ಒಟ್ಟು 22 ಸಾಕು.

ಇದನ್ನೆಲ್ಲ ನೀವೇ ಬರೆಯಬೇಕಾಗಿಲ್ಲ. ಚಿತ್ರಗಳಿಂದ ಲೆಕ್ಕ ಮಾಡುವ ಉಚಿತ ಸಾಫ್ಟ್‌ವೇರ್ ಓಪನ್‌ಸಿವಿಯ ಕಾಂಟ್ರಿಬ್ ಎಂಬ ಹೆಚ್ಚುವರಿ ಭಾಗದಲ್ಲಿ ಸ್ಟ್ರಕ್ಚರ್ಡ್ ಲೈಟ್ ಎಂಬ ಮಾಡ್ಯೂಲ್ ಇದೆ, ಪಟ್ಟೆ ಮಾಡುವುದೂ ಓದುವುದೂ ಅದರಲ್ಲೇ ಆಗುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಸ್ವಲ್ಪ ಗೊತ್ತಿದ್ದರೆ ಸಾಕು. ಪ್ರೊಜೆಕ್ಟರನ್ನು ಲ್ಯಾಪ್‌ಟಾಪಿಗೆ "ಎಕ್ಸ್‌ಟೆಂಡ್" ಆಗಿ ಜೋಡಿಸಿ, ಸ್ಕೇಲಿಂಗ್ ನೂರು ಶೇಕಡ ಇಡಿ. ಚಿತ್ರ ಬದಲಾದ ಮೇಲೆ ಅರ್ಧ ಸೆಕೆಂಡ್ ಬಿಟ್ಟು ಕ್ಲಿಕ್ ಮಾಡಿಸಿ, ಇಲ್ಲದಿದ್ದರೆ ಹಳೇ ಪಟ್ಟೆಯೇ ಸಿಗುತ್ತದೆ.

ಸೀದಾ ದಾರಂದಕ್ಕೆ ಹೋಗಬೇಡಿ. ಮೊದಲು ಒಂದು ಹಾಳೆ ಟೊಪ್ಪಿ ಸ್ಕ್ಯಾನ್ ಮಾಡಿ. ಕಂಗಿನ (ಅಡಕೆ ಮರದ) ಹಾಳೆಗಿಂತ ಒಳ್ಳೆಯ ಅಭ್ಯಾಸದ ವಸ್ತು ಇಲ್ಲ: ತಿಳಿ ಬಣ್ಣ, ಹೊಳಪಿಲ್ಲ, ಗುಂಡಗೆ, ಮೇಲೆ ಸಣ್ಣ ಗೀರು. ಅದು ಸರಿ ಬರದಿದ್ದರೆ ಬೇರೆ ಯಾವುದೂ ಬರದು.

ಹೊಳಪು, ಕಪ್ಪು, ಮತ್ತು ಬೇಡ ಅನ್ನುವ ವಸ್ತುಗಳು

ಪೂರ್ತಿ ಬಿಳಿ ಚಿತ್ರದಿಂದ ಪೂರ್ತಿ ಕಪ್ಪು ಚಿತ್ರವನ್ನು ಕಳೆದರೆ ಎಲ್ಲಿ ಬೆಳಕು ಬಿದ್ದಿದೆ, ಎಲ್ಲಿ ನೆರಳು ಅಂತ ಗೊತ್ತಾಗುತ್ತದೆ. ನೆರಳಿನ ಪಿಕ್ಸೆಲ್‌ಗಳನ್ನು ಎಸೆದುಬಿಡಿ. ಇದ್ದಷ್ಟು ಇರಲಿ ಅಂತ ಉಳಿಸಿಕೊಂಡರೆ ಗಾಳಿಯಲ್ಲಿ ತೇಲುವ ಚುಕ್ಕಿಗಳೇ ಸಿಗುತ್ತವೆ.

ಎಣ್ಣೆ ಕುಡಿದು ಕಪ್ಪಾದ ಮರಕ್ಕೆ ಎಕ್ಸ್‌ಪೋಶರ್ ಜಾಸ್ತಿ ಬೇಕು, ಆಗ ಹೊಳೆಯುವ ಜಾಗ ಸುಟ್ಟುಹೋಗುತ್ತದೆ. ಎರಡು ಸಲ, ಎರಡು ಎಕ್ಸ್‌ಪೋಶರಿನಲ್ಲಿ ತೆಗೆದು ಎರಡರಿಂದಲೂ ಒಳ್ಳೆಯ ಪಿಕ್ಸೆಲ್ ಆರಿಸುವುದೇ ಸುಲಭ. ಪ್ರೊಜೆಕ್ಟರಿಗೊಂದು, ಕ್ಯಾಮೆರಾಕ್ಕೊಂದು ಪೋಲರೈಸಿಂಗ್ ಫಿಲ್ಟರ್ ಹಿಡಿದು ಒಂದನ್ನು ತಿರುಗಿಸಿದರೆ ವಾರ್ನಿಶಿನ ಮಿಂಚು ಕಡಿಮೆಯಾಗುತ್ತದೆ. ಮೇಲೆ ಟಾಲ್ಕಂ ಪೌಡರ್ ಉದುರಿಸುವವರೂ ಇದ್ದಾರೆ. ಹಳೇ ಕೆತ್ತನೆಗೆ ನಾನಂತೂ ಉದುರಿಸುವುದಿಲ್ಲ.

ಬೇಗಡೆ ಅಂಟಿಸಿದ ಯಕ್ಷಗಾನದ ಕಿರೀಟ, ಭೂತದ ಕಂಚಿನ ಮೊಗ, ಇವನ್ನು ಪಟ್ಟೆ ಬೆಳಕಿನಲ್ಲಿ ಹಿಡಿಯುವ ಆಸೆ ಬಿಡಿ. ಕನ್ನಡಿಯ ಹಾಗೆ ಬೆಳಕನ್ನು ಎಲ್ಲಿಗೋ ಎಸೆಯುತ್ತವೆ. ಅದೂ ಅಲ್ಲದೆ ಭಂಡಾರದಲ್ಲಿರುವ ಮೊಗಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಆ ಮನೆಯವರನ್ನು ಕೇಳಬೇಕು. ಬೇಡ ಅಂದರೆ ಬೇಡ.

ಚುಕ್ಕಿಯಿಂದ ಮೈಗೆ

ಲೆಕ್ಕ ಮುಗಿದಾಗ ಕೈಗೆ ಸಿಗುವುದು ಪಾಯಿಂಟ್ ಕ್ಲೌಡ್, ಲಕ್ಷಗಟ್ಟಲೆ ಚುಕ್ಕಿಗಳ ರಾಶಿ. ಪಿಎಲ್‌ವೈ ಫೈಲಾಗಿ ಉಳಿಸಿ. ಒಂದೇ ಕಡೆಯಿಂದ ಎಲ್ಲ ಕಾಣುವುದಿಲ್ಲವಲ್ಲ, ಎಡದಿಂದ, ಬಲದಿಂದ, ಕೆಳಗಿನಿಂದ ಒಟ್ಟು ನಾಲ್ಕೈದು ಸಲ ತೆಗೆಯಬೇಕು. ಒಂದಕ್ಕೊಂದು ಮೂರನೇ ಒಂದು ಭಾಗವಾದರೂ ಹೊಂದುವ ಹಾಗಿರಲಿ. ಜೋಡಿಸುವುದಕ್ಕೆ ಕ್ಲೌಡ್‌ಕಂಪೇರ್ ಅಥವಾ ಮೆಶ್‌ಲ್ಯಾಬ್, ಎರಡೂ ಉಚಿತ. ಗಿಳಿಯ ಕೊಕ್ಕು, ತಾವರೆಯ ಎಸಳಿನ ತುದಿ, ಹೀಗೆ ನಾಲ್ಕು ಗುರುತು ಕೈಯಾರೆ ತೋರಿಸಿ. ಉಳಿದದ್ದನ್ನು ಐಸಿಪಿ ಎಂಬ ವಿಧಾನ ಹತ್ತಿರದ ಚುಕ್ಕಿಗಳನ್ನು ಹುಡುಕಿ ಹುಡುಕಿ ಕೂರಿಸುತ್ತದೆ. ಕೈಯಾರೆ ಹತ್ತಿರ ತರದೆ ಸೀದಾ ಐಸಿಪಿಗೆ ಕೊಟ್ಟರೆ ಎರಡು ಗಿಳಿ ಒಂದರ ಮೇಲೊಂದು ಕೂರುತ್ತವೆ. ನೋಡಿದ್ದೇನೆ.

ಚುಕ್ಕಿಗಳನ್ನು ಮುಚ್ಚಿ ಮೈ ಮಾಡಲು ಪಾಯ್ಸಾನ್ ವಿಧಾನ ಚೆನ್ನಾಗಿದೆ. ಎಷ್ಟು ಸೂಕ್ಷ್ಮವಾಗಿ ಮಾಡಬೇಕು ಅಂತ ಹೇಳುವ ಡೆಪ್ತ್ 9 ಅಥವಾ 10 ಇಡಿ. ಆದರೆ ಅದಕ್ಕೊಂದು ಚಟ: ಖಾಲಿ ಜಾಗ ಕಂಡರೆ ತಾನೇ ಉಬ್ಬಿಸಿ ತುಂಬುತ್ತದೆ. ಒರಲೆ ತಿಂದ ಬಾಲದ ಜಾಗಕ್ಕೆ ಅದು ನುಣ್ಣನೆಯ ಗುಡ್ಡೆ ಇಟ್ಟುಕೊಟ್ಟಿತು. ನೋಡಲು ಚಂದ, ಆದರೆ ಹಾಗೊಂದು ಬಾಲ ಅಲ್ಲಿ ಯಾವತ್ತೂ ಇರಲಿಲ್ಲ. ಅದನ್ನು ಕತ್ತರಿಸಿ ತೂತನ್ನು ತೂತಾಗಿಯೇ ಬಿಟ್ಟೆ. ಆಚಾರಿಗೆ ಬಲಗಡೆಯ ಗಿಳಿಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬೇರೆ ಫೈಲಾಗಿ ಕೊಟ್ಟೆ.

ಸರಿ ಬಂತೋ ಇಲ್ಲವೋ

ಒಂದು ಸಮತಟ್ಟು ಪ್ಲೈವುಡ್ ತುಂಡಿನ ಮೇಲೆ ಸರಿಯಾಗಿ 500 ಮಿಲಿಮೀಟರ್ ದೂರಕ್ಕೆ ಎರಡು ಗುರುತು ಹಾಕಿ ಅದನ್ನೂ ಸ್ಕ್ಯಾನ್ ಮಾಡಿ. ಕ್ಲೌಡ್‌ಕಂಪೇರಿನಲ್ಲಿ ಅದಕ್ಕೊಂದು ಸಮತಲ ಕೂರಿಸಿ ಚುಕ್ಕಿಗಳು ಎಷ್ಟು ಆಚೀಚೆ ಇವೆ ನೋಡಿ. ಹಲಗೆ ತಟ್ಟೆಯ ಹಾಗೆ ಬಾಗಿದ್ದರೆ ಕ್ಯಾಲಿಬ್ರೇಶನ್ ತಪ್ಪು. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಕಾಲಮ್ಮಿನ ಅಗಲ. ನಾನು ಮೇಲೆ ಹೇಳಿದ 1.6 ಮಿಲಿಮೀಟರ್ ಅದೇ. ಇದನ್ನು ಹೋಗಲಾಡಿಸಬೇಕಾದರೆ ಗ್ರೇ ಕೋಡಿನ ಮೇಲೆ ಅಲೆಯ ಹಾಗೆ ನಿಧಾನ ಏರಿಳಿಯುವ ಬೂದು ಪಟ್ಟೆಯನ್ನು ನಾಲ್ಕು ಸಲ, ಪ್ರತಿ ಸಲ ಕಾಲು ಅಲೆ ಸರಿಸಿ ಬಿಡಬೇಕು. ಇದು ಫೇಸ್ ಶಿಫ್ಟ್. ಕಾಲಮ್ಮಿನ ಒಳಗಿನ ಜಾಗವೂ ಆಗ ತಿಳಿಯುತ್ತದೆ. ಆದರೆ ಪ್ರೊಜೆಕ್ಟರಿನ ಗಾಮಾ (ಕೊಟ್ಟ ಬೂದು ಮಟ್ಟಕ್ಕೂ ಬೀಳುವ ಬೆಳಕಿಗೂ ಇರುವ ಹೊಂದಾಣಿಕೆ) ಸರಿಯಿಲ್ಲದಿದ್ದರೆ ಅಲೆ ಕೆಟ್ಟು ಮೈಮೇಲೆ ಸುಳ್ಳು ನೆರಿಗೆ ಬರುತ್ತದೆ. ಮೊದಲ ಪ್ರಯತ್ನಕ್ಕೇ ಇದನ್ನು ಹಿಡಿಯಬೇಡಿ.

ಎರಡು ಗುರುತುಗಳ ನಡುವೆ 500 ಬಾರದೆ 520 ಬಂದರೆ, ಪ್ರಿಂಟ್ ಅಂಗಡಿಗೆ ಹೋಗುವ ಮೊದಲು ನಿಮ್ಮ ಚೌಕವನ್ನು ಇನ್ನೊಮ್ಮೆ ಅಳೆಯಿರಿ.

ಸ್ಕ್ಯಾನ್ ಮುಗಿದ ಮೇಲೂ ಮೂಲ ಚಿತ್ರಗಳನ್ನೂ ಕ್ಯಾಲಿಬ್ರೇಶನ್ ಫೈಲನ್ನೂ ಅಳಿಸಬೇಡಿ. ಒಂದು ಪೆನ್‌ಡ್ರೈವಿಗೆ ಹಾಕಿ ಮನೆಯವರ ಕೈಗೂ ಕೊಡಿ. ನಮ್ಮ ಅತ್ತೆ ಅದನ್ನು ಒಂದು ಡಬ್ಬಿಗೆ ಹಾಕಿ ಕಪಾಟಿನ ಒಳಗೆ ಇಟ್ಟಿದ್ದಾರೆ. ಡಬ್ಬಿ ಸ್ಟೀಲಿನದು. ಒರಲೆಗೆ ಸಿಗದಿರಲಿ ಅಂತ.